ಆಟದಿಂದ ಬೆಳೆಯುವ ನಂಟು: ಕೊಡವ ಕೌಟುಂಬಿಕ ಹಾಕಿ ಕಲಿಸುವ ಪಾಠ

1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ 60 ಕೊಡವ ಕುಟುಂಬಗಳು ಹಾಕಿ ಸ್ಟಿಕ್ ಹಿಡಿದು ಮೈದಾನಕ್ಕಿಳಿದಾಗ, ಅದೊಂದು ಬೇಸಿಗೆಯ ಊರಾಟವೆಂದು ಹೊರಗಿನವರು ಭಾವಿಸಿದ್ದರೆ ಅಚ್ಚರಿಯಿಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ ಪಂದ್ಯಾವಳಿಗೆ 360 ತಂಡಗಳು ಬಂದವು. ಅತಿ ಹೆಚ್ಚು ತಂಡಗಳು ಪಾಲ್ಗೊಂಡ ಹಾಕಿ ಪಂದ್ಯಾವಳಿ ಎಂಬ ಗಿನ್ನಿಸ್ ದಾಖಲೆ ಅದರ ಪಾಲಾಯಿತು. ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ 25ನೇ ಉತ್ಸವದಲ್ಲಿ ತಂಡಗಳ ಸಂಖ್ಯೆ 396ಕ್ಕೆ ಏರಿತು.

ಸಂಖ್ಯೆಯಲ್ಲಿ ಪುಟ್ಟದಾದ ಸಮುದಾಯವೊಂದು ಇಷ್ಟು ತಂಡಗಳನ್ನು ಕಟ್ಟಿದ್ದು ಹೇಗೆ ಎಂಬ ಪ್ರಶ್ನೆಗೆ ಹಾಕಿಯ ಮೇಲಿನ ಪ್ರೀತಿ ಎಂಬುದು ಅರ್ಧ ಉತ್ತರ ಮಾತ್ರ. ಇಲ್ಲಿ ಆಡಲು ಬರುವವರಲ್ಲಿ ಬಹುಪಾಲು ಜನರಿಗೆ ಕಪ್ ಗೆಲ್ಲುವ ಆಸೆಯಾಗಲಿ, ಸಾಧ್ಯತೆಯಾಗಲಿ ಇರುವುದಿಲ್ಲ. ಅವರನ್ನು ಮೈದಾನಕ್ಕೆ ಎಳೆದು ತರುವುದು ಒಂದಾಗುವ ಅವಕಾಶ. ಆಟ ಜನರನ್ನು ಬೆಸೆಯುತ್ತದೆ ಎಂಬ ಮಾತನ್ನು ನಾವು ಶಾಲಾ ವಾರ್ಷಿಕೋತ್ಸವದ ಭಾಷಣಗಳಿಂದ ಹಿಡಿದು ಎಲ್ಲೆಡೆ ಕೇಳುತ್ತೇವೆ. ಆದರೆ ಅದೇ ಆಟ ಜನರನ್ನು ಒಡೆಯುವುದನ್ನೂ ಕಂಡಿದ್ದೇವೆ. ಯಾವ ಆಟ ಬೆಸೆಯುತ್ತದೆ, ಯಾವುದು ಒಡೆಯುತ್ತದೆ? ಕೊಡಗಿನ ಈ ಉತ್ಸವ ಹಾಗೂ ಈಚಿನ ವರ್ಷಗಳಲ್ಲಿ ನಡೆದ ಕೆಲವು ಸಂಶೋಧನೆಗಳನ್ನು ಜೊತೆಗಿಟ್ಟು ನೋಡಿದರೆ ಉತ್ತರದ ಜಾಡು ಸಿಗುತ್ತದೆ.

ಒಕ್ಕವೇ ತಂಡ

ಕೊಡವ ಸಮಾಜದ ಮೂಲ ಘಟಕ 'ಒಕ್ಕ'. ಒಬ್ಬನೇ ಮೂಲಪುರುಷನಿಂದ ಬಂದವರೆಂದು ಗುರುತಿಸಿಕೊಳ್ಳುವ, ಒಂದೇ ಮನೆಹೆಸರು ಹೊತ್ತ ಕುಟುಂಬಗಳ ಗುಂಪು ಇದು. ಪಾಂಡಂಡ, ಮುದ್ದಂಡ, ಅಪ್ಪಚೆಟ್ಟೋಳಂಡ ಮುಂತಾದ ಹೆಸರುಗಳು ವ್ಯಕ್ತಿಯ ಹೆಸರಿಗಿಂತ ಮೊದಲು ಬರುತ್ತವೆ. ಒಕ್ಕಕ್ಕೊಂದು ಐನ್‌ಮನೆ, ಅಂದರೆ ಪೂರ್ವಜರ ಹಿರಿಮನೆ. ಒಕ್ಕದ ಹಿರಿಯನಿಗೆ ಪಟ್ಟೆದಾರನೆಂಬ ಸ್ಥಾನ. ಹಿಂದೆ ಕೈಲ್‌ಪೊಳ್ದ್, ಪುತ್ತರಿ ಮೊದಲಾದ ಹಬ್ಬಗಳಲ್ಲಿ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರುವುದು ವಾಡಿಕೆ. ಊರಿನ 'ಮಂದ್' ಎಂಬ ಬಯಲಿನಲ್ಲಿ ಕೋಲಾಟ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತಿದ್ದವು. ಆಟವು ಕೂಟದ ಭಾಗವಾಗಿಯೇ ಇತ್ತು.

ಕಾಲ ಸರಿದಂತೆ ಸೇನೆ, ಸರ್ಕಾರಿ ನೌಕರಿ, ಬ್ಯಾಂಕು, ವಿದ್ಯಾಭ್ಯಾಸ ಎಂದು ಕುಟುಂಬಗಳು ಮೈಸೂರು, ಬೆಂಗಳೂರು, ದೆಹಲಿ, ಹೊರದೇಶಗಳಿಗೆ ಹಂಚಿಹೋದವು. ಒಂದೇ ಮನೆಹೆಸರಿನ ಇಬ್ಬರು ಯುವಕರು ಒಂದೇ ಊರಿನಲ್ಲಿದ್ದರೂ ಪರಸ್ಪರ ಮುಖಪರಿಚಯವಿಲ್ಲದ ಸ್ಥಿತಿ ಬರತೊಡಗಿತು. ಬ್ಯಾಂಕ್ ಉದ್ಯೋಗಿಯೂ ಹಾಕಿ ತೀರ್ಪುಗಾರರೂ ಆಗಿದ್ದ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿಯ ಕಲ್ಪನೆಯನ್ನು ಮುಂದಿಟ್ಟದ್ದು ಈ ಹಿನ್ನೆಲೆಯಲ್ಲಿ. ಕುಟುಂಬಗಳನ್ನು ಒಗ್ಗೂಡಿಸುವುದು ಹಾಗೂ ಹಾಕಿಗೆ ಹೊಸ ಪ್ರತಿಭೆಗಳನ್ನು ಹುಡುಕುವುದು ಅವರ ಉದ್ದೇಶವಾಗಿತ್ತು. 2020ರಲ್ಲಿ ನಿಧನರಾದ ಕುಟ್ಟಪ್ಪನವರ ಕುಟುಂಬದ ಹೆಸರಿನಲ್ಲಿಯೇ ಮೊದಲ ಪಂದ್ಯಾವಳಿ ಪಾಂಡಂಡ ಕಪ್ ಎನಿಸಿಕೊಂಡಿತು.

ಹಾಕಿಯನ್ನೇ ಆರಿಸಿಕೊಂಡುದರಲ್ಲಿ ಅಚ್ಚರಿಯಿಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೊ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ, ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಮುಂತಾದವರು ಕೊಡಗಿನ ಮಣ್ಣಿನಿಂದ ಬಂದವರು. ಜಿಲ್ಲೆಯಲ್ಲಿ ಹಾಕಿ ಸ್ಟಿಕ್ ಹಿಡಿಯದೆ ಬೆಳೆದ ಹುಡುಗರು ವಿರಳ. ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುವ ಆಟವಾದ್ದರಿಂದಲೇ ಎಲ್ಲರೂ ಕಣಕ್ಕಿಳಿಯಲು ಸಾಧ್ಯವಾಯಿತು.

ನಿಯಮಗಳಲ್ಲಿಯೇ ಗುಟ್ಟು

ಉತ್ಸವದ ರಚನೆಯನ್ನು ಗಮನಿಸಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದು, ತಂಡ ಕಟ್ಟುವ ವಿಧಾನ. ಆಟಗಾರರು ಒಂದೇ ಕುಟುಂಬಕ್ಕೆ ಸೇರಿದವರಾಗಿರಬೇಕು. ದುಡ್ಡು ಕೊಟ್ಟು ನುರಿತವರನ್ನು ಕರೆತರುವಂತಿಲ್ಲ. ಹೀಗಾಗಿ ಹನ್ನೊಂದು ಮಂದಿಯನ್ನು ಕೂಡಿಸಲು ಹಿರಿಯರು ದೂರದೂರಿನ ಸೋದರಸಂಬಂಧಿಗಳಿಗೆಲ್ಲ ಕರೆ ಮಾಡಬೇಕಾಗುತ್ತದೆ. ದೊಡ್ಡ ಒಕ್ಕಗಳಿಗೆ ಇದು ಸುಲಭ. ಸಣ್ಣ ಒಕ್ಕಗಳಿಗೆ ಪ್ರತಿಯೊಬ್ಬ ಸದಸ್ಯನೂ ಅನಿವಾರ್ಯ. ಒಂದೇ ತಂಡದಲ್ಲಿ ರಾಷ್ಟ್ರಮಟ್ಟದ ಆಟಗಾರನ ಪಕ್ಕದಲ್ಲಿ ಶಾಲಾ ಬಾಲಕ, ಪುರುಷರ ಜೊತೆ ಮಹಿಳೆಯರು, ನಿವೃತ್ತ ಹಿರಿಯರು ಆಡುವ ದೃಶ್ಯ ಇಲ್ಲಿ ಸಾಮಾನ್ಯ.

ಎರಡನೆಯದು, ಆತಿಥ್ಯದ ಸರದಿ. ಪ್ರತಿ ವರ್ಷ ಬೇರೊಂದು ಕುಟುಂಬ ಉತ್ಸವವನ್ನು ವಹಿಸಿಕೊಳ್ಳುತ್ತದೆ. ಆ ವರ್ಷದ ಕಪ್‌ಗೆ ಆ ಕುಟುಂಬದ ಹೆಸರು. ಮೈದಾನ ಸಜ್ಜುಗೊಳಿಸುವುದು, ಹಣ ಕೂಡಿಸುವುದು, ಬಂದವರಿಗೆ ಊಟೋಪಚಾರ, ವಾರಗಟ್ಟಲೆ ಪಂದ್ಯಗಳ ಉಸ್ತುವಾರಿ ಎಲ್ಲವೂ ಒಕ್ಕದವರ ಹೆಗಲಿಗೆ. ಆಡಲಾರದವರಿಗೂ ಇಲ್ಲಿ ಕೆಲಸವಿದೆ. ಕೊಡವ ಹಾಕಿ ಅಕಾಡೆಮಿಯ ಮಾರ್ಗದರ್ಶನವಿದ್ದರೂ ದುಡಿಮೆ ಮನೆಯವರದೇ.

ಮೂರನೆಯದು, ಎದುರಾಳಿಯ ಸ್ವರೂಪ. ಕೊಡವರಲ್ಲಿ ಒಂದೇ ಒಕ್ಕದೊಳಗೆ ಮದುವೆ ನಿಷಿದ್ಧ. ಅಂದರೆ ಪ್ರತಿಯೊಬ್ಬ ಆಟಗಾರನ ತಾಯಿ, ಹೆಂಡತಿ, ಅತ್ತಿಗೆ ಬೇರೆ ಒಕ್ಕದಿಂದ ಬಂದವರು. ಅಕ್ಕತಂಗಿಯರು ಬೇರೆ ಒಕ್ಕಕ್ಕೆ ಹೋದವರು. ಇಂದು ಎದುರಿಗೆ ನಿಂತ ತಂಡ ಸೋದರಮಾವನ ಮನೆಯದ್ದಾಗಿರಬಹುದು, ನಾಳಿನದು ಭಾವನ ಮನೆಯದ್ದು. ಮೈದಾನದಲ್ಲಿ ಎಷ್ಟೇ ಬಿರುಸಾಗಿ ಸೆಣಸಿದರೂ ಸಂಜೆ ಅದೇ ಮನೆಯ ಮದುವೆಗೋ ನಾಮಕರಣಕ್ಕೋ ಹೋಗಲೇಬೇಕು. ಪೈಪೋಟಿ ದ್ವೇಷವಾಗಿ ಬೆಳೆಯದಂತೆ ತಡೆಯುವ ನಂಟಿನ ಬಲೆ ಆಟಕ್ಕೆ ಮುಂಚೆಯೇ ಹೆಣೆದಿದೆ.

ನಾಕೌಟ್ ಪಂದ್ಯಾವಳಿಯಾದ್ದರಿಂದ ನೂರಾರು ತಂಡಗಳು ಮೊದಲ ಸೋಲಿನೊಡನೆಯೇ ಹೊರಬೀಳುತ್ತವೆ. ಹಾಗಾದರೆ ಒಂದು ಪಂದ್ಯಕ್ಕಾಗಿ ಬೆಂಗಳೂರಿನಿಂದ ರಜೆ ಹಾಕಿ ಬರುವುದರಲ್ಲಿ ಅರ್ಥವೇನು? ಅಭ್ಯಾಸಕ್ಕೆಂದು ಸೇರಿದ ಸಂಜೆಗಳು, ಐನ್‌ಮನೆಯಲ್ಲಿ ಕೂಡಿ ಮಾಡಿದ ಊಟ, ಜರ್ಸಿಯ ಬಣ್ಣದ ಬಗ್ಗೆ ನಡೆದ ಚರ್ಚೆ, ಪಂದ್ಯ ಮುಗಿದ ಮೇಲೆ ಗ್ಯಾಲರಿಯಲ್ಲಿ ಕುಳಿತು ಬೇರೆಯವರ ಆಟ ನೋಡಿದ ಗಂಟೆಗಳು: ಲೆಕ್ಕಕ್ಕೆ ಬರುವುದು ಇವೇ.

ಗೆಳೆತನಕ್ಕೆ ಬೇಕಾದ ಗಂಟೆಗಳು

ಗಂಟೆಗಳ ಮಾತು ಕೇವಲ ಅಲಂಕಾರದ್ದಲ್ಲ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರು ಸ್ನೇಹಿತರಾಗಲು ಎಷ್ಟು ಕಾಲ ಬೇಕೆಂದು ಅಂದಾಜು ಮಾಡಿದ್ದರು. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಸ್ನೇಹಕ್ಕೆ ಸುಮಾರು 90 ಗಂಟೆ, ಆಪ್ತಮಿತ್ರರಾಗಲು 200ಕ್ಕೂ ಹೆಚ್ಚು ಗಂಟೆಗಳ ಒಡನಾಟ ಬೇಕೆಂಬುದು ಅವರ ಲೆಕ್ಕ. ಒಂದೇ ಕಚೇರಿಯಲ್ಲಿ ಕೆಲಸ ಮಾಡುತ್ತ ಕಳೆದ ಗಂಟೆಗಳಿಗೆ ಅಷ್ಟು ಬಲವಿಲ್ಲ. ಬಿಡುವಿನಲ್ಲಿ ಹರಟೆ, ಆಟ, ಒಡನಾಟದಲ್ಲಿ ಕಳೆದ ಗಂಟೆಗಳು ಹೆಚ್ಚು ಫಲ ಕೊಡುತ್ತವೆ.

ದೊಡ್ಡವರಾದ ಮೇಲೆ ಹೊಸ ಗೆಳೆಯರು ಸಿಗುವುದು ಏಕೆ ಕಷ್ಟ ಎಂಬುದಕ್ಕೂ ಇದೇ ವಿವರಣೆ. ಕಾರಣವಿಲ್ಲದೆ ಅಪರಿಚಿತನೊಬ್ಬನ ಜೊತೆ 50 ಗಂಟೆ ಕಳೆಯಲು ಯಾರಿಗೂ ಪುರುಸೊತ್ತಿಲ್ಲ, ಸಂಕೋಚವೂ ಅಡ್ಡ ಬರುತ್ತದೆ. ಆಟ ಆ ಕಾರಣವನ್ನು ಒದಗಿಸುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಶಟಲ್ ಆಡುವ ನಾಲ್ವರಿಗೆ ಮಾತಿಗೆ ವಿಷಯ ಹುಡುಕಬೇಕಾದ ಗೋಜಿಲ್ಲ. ಮೌನವೂ ಅಲ್ಲಿ ಮುಜುಗರವೆನಿಸದು.

ಒಟ್ಟಾಗಿ ಮೈ ದಣಿಸುವುದಕ್ಕೂ ತನ್ನದೇ ಆದ ಪರಿಣಾಮವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ತಂಡದ 12 ಮಂದಿಯ ಮೇಲೆ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಉಲ್ಲೇಖಿಸಬಹುದು. ಹುಟ್ಟುಹಾಕುವ ಯಂತ್ರದ ಮೇಲೆ ಒಬ್ಬೊಬ್ಬರೇ ದುಡಿದಾಗಿಗಿಂತ ಜೊತೆಯಾಗಿ ಒಂದೇ ಲಯದಲ್ಲಿ ದುಡಿದಾಗ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ಶ್ರಮದ ಪ್ರಮಾಣ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ದೇಹದಲ್ಲಿ ಎಂಡಾರ್ಫಿನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿದ್ದರ ಸೂಚನೆ ಇದು ಎಂಬುದು ಸಂಶೋಧಕರ ವಾದ. ಹಿತದ ಅನುಭವ ನೀಡುವ ಈ ರಾಸಾಯನಿಕಕ್ಕೂ ಪರಸ್ಪರ ಆಪ್ತತೆಗೂ ಸಂಬಂಧವಿದೆ ಎಂದು ಅವರು ಹೇಳುತ್ತಾರೆ. ಕೋಲಾಟ, ವಾಲಗದ ಕುಣಿತ, ಹಗ್ಗಜಗ್ಗಾಟಗಳಲ್ಲಿ ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡದ್ದನ್ನು ಪ್ರಯೋಗಾಲಯ ತಡವಾಗಿ ಅಳೆದಿದೆ ಎನ್ನಬಹುದು.

ಹಗ್ಗದ ಎರಡು ಬಗೆ

ಇಷ್ಟು ಓದಿದವರಿಗೆ ಸಹಜವಾಗಿ ಒಂದು ಸಂದೇಹ ಬರುತ್ತದೆ. ಆಟ ಇಷ್ಟು ಒಳ್ಳೆಯದಾದರೆ ಬಡಾವಣೆಯ ಕ್ರಿಕೆಟ್ ಪಂದ್ಯ ಹೊಡೆದಾಟದಲ್ಲಿ ಮುಗಿಯುವುದೇಕೆ?

1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. 11–12 ವಯಸ್ಸಿನ 22 ಬಾಲಕರನ್ನು ಎರಡು ಗುಂಪು ಮಾಡಿ ಬೇಸಿಗೆ ಶಿಬಿರದಲ್ಲಿ ಇರಿಸಲಾಯಿತು. ಬೇಸ್‌ಬಾಲ್, ಹಗ್ಗಜಗ್ಗಾಟ ಮುಂತಾದ ಸ್ಪರ್ಧೆಗಳನ್ನು ಏರ್ಪಡಿಸಿ ಗೆದ್ದ ಗುಂಪಿಗೆ ಮಾತ್ರ ಬಹುಮಾನ ಎಂದು ಸಾರಲಾಯಿತು. ಕೆಲವೇ ದಿನಗಳಲ್ಲಿ ಬೈಗುಳ, ಧ್ವಜ ಸುಡುವುದು, ಎದುರು ಗುಂಪಿನ ಬಿಡಾರಕ್ಕೆ ನುಗ್ಗುವುದು ಶುರುವಾಯಿತು. ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ, ಸಿನಿಮಾಕ್ಕೆ ಕೂಡಿಸಿದರೂ ಹಗೆ ತಗ್ಗಲಿಲ್ಲ.

ಬದಲಾವಣೆ ಬಂದದ್ದು ಇಬ್ಬರಿಗೂ ಬೇಕಾದ ಕೆಲಸ ಎದುರಾದಾಗ. ಶಿಬಿರಕ್ಕೆ ಬರುವ ನೀರು ನಿಂತುಹೋಯಿತು. ಎಲ್ಲರೂ ಸೇರಿ ದೋಷ ಹುಡುಕಿದರು. ಊಟ ತರಬೇಕಾದ ಟ್ರಕ್ ಚಾಲೂ ಆಗಲಿಲ್ಲ. ಹಗ್ಗಜಗ್ಗಾಟಕ್ಕೆ ಬಳಸಿದ್ದ ಹಗ್ಗವನ್ನೇ ಟ್ರಕ್ಕಿಗೆ ಕಟ್ಟಿ ಎರಡೂ ಗುಂಪುಗಳು ಒಂದೇ ದಿಕ್ಕಿಗೆ ಎಳೆದವು. ಇವೆಲ್ಲ ಸಂಶೋಧಕರೇ ಹೂಡಿದ ಸನ್ನಿವೇಶಗಳಾಗಿದ್ದವು. ಮಕ್ಕಳನ್ನು ಅರಿವಿಲ್ಲದಂತೆ ಹೀಗೆ ಎತ್ತಿಕಟ್ಟಿದ್ದು ಸರಿಯೇ ಎಂಬ ಟೀಕೆ ಮುಂದೆ ಬಂದದ್ದೂ ಉಂಟು. ಆದರೂ ಹಗ್ಗ ಅದೇ, ಮಕ್ಕಳೂ ಅವರೇ. ಎದುರು ಬದುರು ಎಳೆದಾಗ ಹಗೆ, ಒಂದೇ ಕಡೆ ಎಳೆದಾಗ ಸ್ನೇಹ ಎಂಬ ಸಂಗತಿ ಇಂದಿಗೂ ಚಿಂತನೆಗೆ ಹಚ್ಚುತ್ತದೆ.

ಉತ್ತರ ಪ್ರದೇಶದ ಕ್ರಿಕೆಟ್ ಪ್ರಯೋಗ

ನಮ್ಮ ದೇಶದ ಮಟ್ಟಿಗೆ ಇದೇ ಪ್ರಶ್ನೆಯನ್ನು ಕರಾರುವಾಕ್ಕಾಗಿ ಪರೀಕ್ಷಿಸಿದವರು ಅರ್ಥಶಾಸ್ತ್ರಜ್ಞ ಮ್ಯಾಟ್ ಲೋವ್. 2017ರಲ್ಲಿ ಅವರು ಗ್ರಾಮೀಣ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಗಳ 1,261 ಯುವಕರನ್ನು ಆರಿಸಿಕೊಂಡು, ಅವರಲ್ಲಿ 800 ಮಂದಿಯನ್ನು ಕ್ರಿಕೆಟ್ ಲೀಗ್‌ಗಳಲ್ಲಿ ಆಡಿಸಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿವರ್ಗದವರು, ಇನ್ನು ಕೆಲವರಲ್ಲಿ ಮಿಶ್ರ ಆಟಗಾರರು. ಯಾರು ಎಲ್ಲಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಫಲಿತಾಂಶ 2021ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಮಿಶ್ರ ತಂಡದಲ್ಲಿ ಆಡಿದವರಲ್ಲಿ ಜಾತಿಯ ಗಡಿ ದಾಟಿದ ಗೆಳೆತನಗಳು ಹೆಚ್ಚಿದವು. ಬಹುಮಾನ ಯಾರಿಗೆ ಸಲ್ಲಬೇಕೆಂದು ಮತ ಹಾಕುವಾಗ ತಮ್ಮ ಜಾತಿಯವನಿಗೇ ಒಲಿಯುವ ಪ್ರವೃತ್ತಿ ತಗ್ಗಿತು. ವಸ್ತು ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭವಾಗುವಂಥ ಸನ್ನಿವೇಶದಲ್ಲಿ ಅನ್ಯಜಾತಿಯವರೊಡನೆ ವ್ಯವಹರಿಸುವುದೂ ಸುಧಾರಿಸಿತು. ಆದರೆ ಅನ್ಯಜಾತಿಯವರನ್ನು ಎದುರಾಳಿಗಳಾಗಿ ಮಾತ್ರ ಕಂಡವರಲ್ಲಿ ಪರಿಣಾಮ ತಿರುಗುಮುರುಗಾಗಿತ್ತು. ಒಡನಾಟ ಒಟ್ಟಾರೆ ತಗ್ಗಿತ್ತು. ಕ್ರಿಕೆಟ್ ಒಂದೇ, ಮೈದಾನ ಒಂದೇ, ಊರೂ ಒಂದೇ. ವ್ಯತ್ಯಾಸ ಮಾಡಿದ್ದು ಯಾರು ಯಾರ ಜೊತೆ ನಿಂತರು ಎಂಬುದು.

ಜಾತಿಗೊಂದು ತಂಡ ಕಟ್ಟಿ ಸೌಹಾರ್ದದ ಹೆಸರಿನಲ್ಲಿ ಪಂದ್ಯ ನಡೆಸುವ ಸಂಘಟಕರು ಈ ಮಾತನ್ನು ಗಮನಿಸಬೇಕು. ಕೈಕುಲುಕಿ ಆಡಿದ ಮಾತ್ರಕ್ಕೆ ಸೌಹಾರ್ದ ಬೆಳೆಯುವುದಿಲ್ಲ.

ಮೈದಾನದ ಗಡಿ

ಮಿಶ್ರ ತಂಡವೂ ಸರ್ವರೋಗಕ್ಕೆ ಮದ್ದಲ್ಲ. ಐಎಸ್ ಉಗ್ರರ ಹಾವಳಿಯಿಂದ ನೆಲೆ ಕಳೆದುಕೊಂಡ ಉತ್ತರ ಇರಾಕಿನ ಕ್ರೈಸ್ತರ ನಡುವೆ ಸಲ್ಮಾ ಮೂಸಾ ಎಂಬ ಸಂಶೋಧಕಿ ಫುಟ್‌ಬಾಲ್ ಲೀಗ್ ನಡೆಸಿದರು. ಕೆಲವು ಕ್ರೈಸ್ತ ತಂಡಗಳಿಗೆ ಮುಸ್ಲಿಂ ಆಟಗಾರರನ್ನು, ಉಳಿದವಕ್ಕೆ ಕ್ರೈಸ್ತರನ್ನೇ ಹೆಚ್ಚುವರಿಯಾಗಿ ಸೇರಿಸಿದರು. 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಎರಡು ಮುಖದ್ದು. ಮಿಶ್ರ ತಂಡದ ಕ್ರೈಸ್ತ ಆಟಗಾರರು ಮುಂದಿನ ಸಾಲಿನಲ್ಲೂ ಮಿಶ್ರ ತಂಡಕ್ಕೆ ಹೆಸರು ಕೊಟ್ಟರು, ಆರು ತಿಂಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು, ಕ್ರೀಡಾಮನೋಭಾವದ ಪ್ರಶಸ್ತಿಗೆ ಬೇರೆ ತಂಡದ ಮುಸ್ಲಿಂ ಆಟಗಾರನಿಗೂ ಮತ ಹಾಕಿದರು. ಆದರೆ ಮೋಸುಲ್ ನಗರದ ಉಪಾಹಾರ ಗೃಹಕ್ಕೆ ಹೋಗುವುದು, ಅಪರಿಚಿತ ಮುಸ್ಲಿಮರಿರುವ ಕೂಟದಲ್ಲಿ ಭಾಗವಹಿಸುವುದು ಮುಂತಾದ ಮೈದಾನದಾಚೆಗಿನ ನಡವಳಿಕೆಯಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ.

ಆಟ ಗೆಳೆಯನನ್ನು ಕೊಡಬಲ್ಲದು. ಆ ಗೆಳೆಯನ ಇಡೀ ಸಮುದಾಯದ ಮೇಲೆ ವಿಶ್ವಾಸ ಮೂಡಿಸುವ ಹೊಣೆಯನ್ನೂ ಅದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಮತ್ತೆ ಕೊಡಗಿಗೆ

ಈ ಹಿನ್ನೆಲೆಯಲ್ಲಿ ಕೊಡವ ಹಾಕಿ ಉತ್ಸವವನ್ನು ನೋಡಿದರೆ ಅದರ ಬಲವೂ ಮಿತಿಯೂ ಸ್ಪಷ್ಟವಾಗುತ್ತವೆ. ಚದುರಿದ ಒಕ್ಕವನ್ನು ಒಂದೇ ಕಡೆ ಹಗ್ಗ ಎಳೆಯುವ ತಂಡವನ್ನಾಗಿಸಿದ್ದು ಅದರ ಬಲ. ಪಂದ್ಯಗಳಿಗಿಂತ ಹೆಚ್ಚಾಗಿ ಸಿದ್ಧತೆಯ ಗಂಟೆಗಳನ್ನು ಕೊಟ್ಟಿದ್ದು, ಎದುರಾಳಿ ಮನೆಯೊಡನೆ ನಂಟಿನ ಎಳೆ ಉಳಿದಿರುವುದು, ಆತಿಥ್ಯದ ಹೊಣೆ ಸರದಿಯಂತೆ ಎಲ್ಲರತ್ತ ಬರುವುದು ಸಹ ಬಲವೇ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯನ್ನು ನಡುಗಿಸಿದ ಭೂಕುಸಿತ, ಅದರ ಬೆನ್ನಿಗೆ ಬಂದ ಕೋವಿಡ್‌ನಿಂದಾಗಿ ಕೆಲವು ವರ್ಷ ಸರಣಿ ಕಡಿದುಹೋಯಿತು. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಹೆಸರಿನಲ್ಲಿ ಅದು ಮರಳಿದಾಗ 336 ತಂಡಗಳು ಬಂದವು. ಬಿಡುವಿನ ನಂತರ ನಂಟು ಸಡಿಲಗೊಂಡಿರಲಿಲ್ಲ.

ಮಿತಿಯೆಂದರೆ, ಒಕ್ಕದ ಚೌಕಟ್ಟಿನ ಪಂದ್ಯಾವಳಿ ಒಂದು ಸಮುದಾಯದ ಒಳಗಿನ ಬೆಸುಗೆಗೆ ರೂಪುಗೊಂಡದ್ದು. ಜಿಲ್ಲೆಯ ಅರೆಭಾಷೆ ಗೌಡ ಮೊದಲಾದ ಸಮುದಾಯಗಳೂ ಇದೇ ಮಾದರಿಯಲ್ಲಿ ತಮ್ಮ ತಮ್ಮ ಕೌಟುಂಬಿಕ ಪಂದ್ಯಾವಳಿಗಳನ್ನು ನಡೆಸುತ್ತಿವೆ. ಒಳಗಿನ ನಂಟಿಗೆ ಅವು ಒಳ್ಳೆಯವೇ. ಸಮುದಾಯಗಳ ನಡುವಿನ ಸ್ನೇಹಕ್ಕೆ ಮಾತ್ರ ಬೇರೆ ಬಗೆಯ ತಂಡ ಬೇಕು. ಆ ಕೆಲಸವನ್ನು ಅಲ್ಲಿಯ ಶಾಲಾ ಕಾಲೇಜು ತಂಡಗಳು, ಊರಿನ ಹಾಕಿ ಕ್ಲಬ್ಬುಗಳು ಮಾಡಬಲ್ಲವು.

ನಗರವಾಸಿಗಳು ಮಾಡಬಹುದಾದದ್ದು

ನಗರಗಳ ಬಡಾವಣೆ, ಅಪಾರ್ಟ್‌ಮೆಂಟ್, ಕಚೇರಿಗಳಲ್ಲಿ ರಾಜ್ಯೋತ್ಸವಕ್ಕೋ ಯುಗಾದಿಗೋ ಕ್ರೀಡಾಕೂಟ ನಡೆಸುವವರಿಗೆ ಮೇಲಿನ ಸಂಗತಿಗಳಿಂದ ಕೆಲವು ಸರಳ ಸೂತ್ರಗಳು ದೊರೆಯುತ್ತವೆ.

ತಂಡಗಳನ್ನು ಬ್ಲಾಕುವಾರು ಅಥವಾ ವಿಭಾಗವಾರು ಕಟ್ಟಿದರೆ ಈಗಾಗಲೇ ಪರಿಚಿತರಾದವರು ಮತ್ತಷ್ಟು ಹತ್ತಿರವಾಗುತ್ತಾರೆ, ಉಳಿದವರು ಎದುರಾಳಿಗಳಾಗಿಯೇ ಉಳಿಯುತ್ತಾರೆ. ಚೀಟಿ ಎತ್ತಿ ತಂಡ ಮಾಡಿದರೆ ಎಂದೂ ಮಾತನಾಡದವರು ಜೊತೆಯಾಗುತ್ತಾರೆ. ಆಟ ಬಲ್ಲವರು, ಬಾರದವರು, ಹಿರಿಯರು, ಮಕ್ಕಳು, ಮಹಿಳೆಯರು ಒಂದೇ ತಂಡದಲ್ಲಿರುವಂತೆ ನಿಯಮ ಮಾಡಬಹುದು. ಒಂದು ದಿನದ ನಾಕೌಟ್ ಕೂಟಕ್ಕಿಂತ ತಿಂಗಳ ಕಾಲ ವಾರಕ್ಕೊಮ್ಮೆ ನಡೆಯುವ ಲೀಗ್ ಲೇಸು; ಸೋತವರೂ ಮುಂದಿನ ವಾರ ಬರುತ್ತಾರೆ, ಒಡನಾಟದ ಗಂಟೆಗಳು ಕೂಡುತ್ತವೆ. ಬಹುಮಾನದ ಮೊತ್ತ ಹಿಗ್ಗಿಸುವ ಬದಲು ಆ ಹಣವನ್ನು ಎಲ್ಲರ ಊಟಕ್ಕೆ ಬಳಸುವುದು ಮೇಲು. ಓಡಿ ಆಡಲಾರದವರಿಗೆ ಕೇರಂ, ಚೆಸ್, ಚೌಕಾಬಾರದಂಥ ಆಟಗಳಿವೆ. ಸ್ಕೋರು ಬರೆಯುವ, ಊಟ ಬಡಿಸುವ ಕೆಲಸಗಳಿವೆ.

ನಗರದಲ್ಲಿ ಒಂಟಿತನ ಹೆಚ್ಚುತ್ತಿದೆ ಎಂಬ ದೂರು ಸಾಮಾನ್ಯ. ಎದುರು ಮನೆಯವರ ಹೆಸರು ತಿಳಿಯದೆ ವರ್ಷಗಟ್ಟಲೆ ಬಾಳುವವರಿದ್ದಾರೆ. ಅಂಥವರನ್ನು ಗೆಳೆತನ ಮಾಡಿಕೊಳ್ಳಿರೆಂದು ಕರೆದರೆ ಯಾರೂ ಬಾರರು. ಆಟಕ್ಕೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಬನ್ನಿ ಎಂದರೆ ಹಲವರು ಬರುತ್ತಾರೆ. ಕರಡದ ಮೈದಾನದಲ್ಲಿ 60 ಕುಟುಂಬಗಳು ಸೇರಿದ್ದೂ ಇಂಥದೇ ಕರೆಗೆ ಓಗೊಟ್ಟು.